ಪೆನ್ಸಿಲ್ಲಿನ ಸಾಲು

ಸಿಬ್ಬಂದಿ ಪುಸ್ತಕದಲ್ಲಿ ಹೆಡ್‌ಮಾಸ್ತರರದು ನೀಲಿ ಶಾಯಿ,
ಗಣಿತದ ಸುಗುರೇಶ ಮಾಸ್ತರರದು ನೀಲಿ,
ಗುಮಾಸ್ತನಾದ ನನ್ನದೂ ನೀಲಿಯೇ.
ಹದಿನೇಳನೆಯ ಸಾಲೊಂದೇ ಪೆನ್ಸಿಲ್ಲು:
ಸಾಬಮ್ಮ. ಆಯಾ. ಸೇರಿದ ದಿನಾಂಕ ಜೂನ್ ಒಂದು.
ವರ್ಷ ಮಾತ್ರ ಬದಲಾಗುತ್ತಿತ್ತು.

ಏಪ್ರಿಲ್ ಹತ್ತಕ್ಕೆ ರಬ್ಬರಿನಿಂದ ಅವಳನ್ನು ತೆಗೆಯುತ್ತಿದ್ದೆ,
ಸಾಲಿ ತೆರೆದ ದಿನ ಮತ್ತೆ ಸೇರಿಸುತ್ತಿದ್ದೆ.
ನಡುವಿನ ಐವತ್ತು ದಿನ
ಅವಳು ನೀರಿನ ಟಾಕಿ ತೊಳೆದು,
ಬೆಂಚಿನಡಿ ಅಂಟಿದ ಚೂಯಿಂಗ್ ಗಮ್ ಕೆರೆದು,
ರೈಸ್‌ಮಿಲ್ಲಿನಿಂದ ಹಾರಿ ಬಂದ ಕರಿಬೂದಿ ಗುಡಿಸಿ,
ಪುಸ್ತಕದ ಪ್ರಕಾರ
ಸಿಂಧನೂರಿನಲ್ಲೇ ಇರುತ್ತಿರಲಿಲ್ಲ.

ಯಾರೂ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಬೇಕಿತ್ತು.
ಅಮರಗುಂಡಪ್ಪನವರು ನಾಲ್ಕೆಕರೆ ಕಾಲುವೆ ಭೂಮಿ ಬಿಟ್ಟುಕೊಟ್ಟು
ಈ ಸಾಲಿ ಕಟ್ಟಿದರು.
ಟ್ರಸ್ಟಿನ ಮೀಟಿಂಗಿಗೂ ಚಹಾ ಅವರ ಮನೆಯಿಂದಲೇ,
ಅವರ ಲೆಕ್ಕದಲ್ಲೇ.
ಬಾಯಲ್ಲಿ ಒಂದೇ ಶಬ್ದ: ಸೇವೆ.
ನಾವೆಲ್ಲ ಸೇವೆಗೆ ಬಂದವರು, ಪಗಾರಕ್ಕಲ್ಲ.
ಪಗಾರ ಎಂಬ ಮಾತೇ ನಮ್ಮ ವೋಚರಿನಲ್ಲಿಲ್ಲ, ಗೌರವಧನ.
ಗೌರವ ಎಷ್ಟು, ಧನ ಎಷ್ಟು ಎಂದು
ನಾನೆಂದೂ ಬಿಡಿಸಿ ಬರೆದವನಲ್ಲ.

ಫೆಬ್ರುವರಿಯಲ್ಲಿ ವಕೀಲ ಖಾದ್ರಿ ಸಾಹೇಬರು ಬಂದರು,
ಚೀಲದ ತುಂಬ ಹೊಸ ಕಾಯ್ದೆ.
ಕಸದವಳಿರಲಿ ಕಾವಲಿನವನಿರಲಿ, ನೇಮಕದ ಪತ್ರ ಬೇಕು.
ಹೆಣ್ಣುಮಕ್ಕಳ ದೂರು ಕೇಳಲು ಸಮಿತಿ ಬೇಕು,
ಅದರಲ್ಲಿ ಹೊರಗಿನವರೊಬ್ಬರು ಬೇಕು.
ಗ್ರಾಚ್ಯುಟಿಗೆಂದು ಹಣ ಎತ್ತಿಡಬೇಕು.
"ನಮ್ದೇನು ಕಾರ್ಖಾನೇನ್ರಿ?" ಅಂದರು ಅಮರಗುಂಡಪ್ಪನವರು,
ಧ್ವನಿಯಲ್ಲಿ ಸಿಟ್ಟಿಗಿಂತ ನೋವಿತ್ತು.
ಖಾದ್ರಿ ಸಾಹೇಬರು ಕನ್ನಡಕ ಒರೆಸಿದರು.
"ಧರ್ಮದ ಬಾವೀನೂ ಬಾವೀನೇ ಗೌಡ್ರ,
ಹಗ್ಗ ಸವೀತದ."

ಸೇವಾವಧಿ ಎಂಬ ಖಾನೆಯ ಮುಂದೆ ಕೂತೆ.
ಅದೇ ಸೇವೆ.
ಬಾಲಕ್ಕೊಂದು ಅವಧಿ ಸೇರಿದ್ದೇ ತಡ
ಲೆಕ್ಕ ಕೇಳತೊಡಗಿತ್ತು.

ಯಾವಾಗ ಸೇರಿದ್ದು ನೀನು, ಎಂದು ಸಾಬಮ್ಮನನ್ನು ಕೇಳಿದೆ.
ತಾರೀಖು ಅವಳಿಗೆ ಗೊತ್ತಿಲ್ಲ.
"ನಮ್ಮ ಹುಲಿಗೆಮ್ಮ ಕಂಕುಳಾಗಿದ್ಲು.
ಗಂಟಿ ಇರಲಿಲ್ಲ, ಕಬ್ಬಿಣದ ಕಂಬಿ ಬಡೀತಿದ್ದೆ.
ನಿಮ್ಮ ತಲಿ ತುಂಬ ಕೂದಲಿತ್ತು."
ಆಮೇಲೆ, ನಿಜವಾಗಿಯೂ ತಿಳಿಯದವಳಂತೆ:
"ಅಲ್ರೀ ಸರ, ಈಗ ನಾ ಹೊಸಾಕಿನೋ, ಹಳೀಕಿನೋ?"

ಅವಳು ಹೋದ ಮೇಲೆ ಪುಸ್ತಕವನ್ನು ಕಿಟಕಿಗೆ ಹಿಡಿದೆ.
ಉಜ್ಜಿ ಉಜ್ಜಿ ಹದಿನೇಳನೆಯ ಸಾಲು
ಈರುಳ್ಳಿ ಸಿಪ್ಪೆಯಾಗಿತ್ತು.
ಅದರೊಳಗೆ ಒಂದರ ಮೇಲೊಂದು
ಇಪ್ಪತ್ಮೂರು ಜೂನ್ ತಿಂಗಳು ಗೆರೆಗೆರೆಯಾಗಿ ಕೂತಿದ್ದವು.
ರಬ್ಬರು ಕಪ್ಪನ್ನು ತೆಗೆದಿತ್ತು, ಒತ್ತನ್ನಲ್ಲ.
ನನ್ನದು ಮೊದಲಿನಿಂದ ಒತ್ತಿ ಬರೆಯುವ ಕೈ.
ಕಾಗದ ಹರೀತದೋ, ಎಂದು ಅವ್ವ ಬಯ್ಯುತ್ತಿದ್ದಳು.

ಮೀಟಿಂಗಿನಲ್ಲಿ ಅದನ್ನೇ ತೋರಿಸಿದೆ.
ತೋರಿಸಬೇಕೆಂದು ಹೋದವನಲ್ಲ.
ಅಮರಗುಂಡಪ್ಪನವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.
"ಬರಕೊಡು," ಅಂದರು.
ಆ ದಿನ ಚಹಾ ಹಾಗೇ ತಣ್ಣಗಾಯಿತು.

ಹಣ ಆಕಾಶದಿಂದ ಬೀಳುವುದಿಲ್ಲ.
ಜೂನಿನ ಫೀಸಿನ ಪಟ್ಟಿ ಎಂಟುನೂರು ಏರಿತು, ನಾನೇ ಟೈಪು ಮಾಡಿದೆ,
ಎಲ್‌ಕೆಜಿಯಲ್ಲಿ ಹುಲಿಗೆಮ್ಮನ ಮಗನ ಹೆಸರಿನ ಮುಂದೆಯೂ.
ಇದು ಯಾವ ಕಲಮಿನಡಿ ಬರುತ್ತದೆಂದು
ಖಾದ್ರಿ ಸಾಹೇಬರನ್ನು ಇನ್ನೂ ಕೇಳಿಲ್ಲ.

ನೇಮಕದ ಪತ್ರ, ಎರಡು ಪ್ರತಿ.
ಸಾಬಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದಳು,
ನರ್ಸರಿ ಗೋಡೆ ನೋಡಿ ಕಲಿತ ಅಕ್ಷರ,
ಒಂದೊಂದಕ್ಕೂ ಪೆನ್ನೆತ್ತಿ.
ತನ್ನ ಪ್ರತಿ ತೆಗೆದುಕೊಂಡಳು. ಗಡಿಯಾರ ನೋಡಿದಳು.
"ಒಂದೀಟು ಹಿಡ್ಕೊಂಡಿರ್ರಿ ಸರ"
ಎಂದು ಅದನ್ನು ನನ್ನ ಕೈಗೇ ತುರುಕಿ ಓಡಿದಳು.
ಮೂರನೆಯ ಪೀರಿಯಡ್ಡು ಮುಗಿದಿತ್ತು.